ಹಿತ್ತಿಲ ಕೋಳಿ ಮತ್ತು ಮನೆಯ ಆರೋಗ್ಯ

ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ನಾಲ್ಕಾರು ಕೋಳಿಗಳಿರುತ್ತವೆ. ಆದರೆ ಅವು ಇಡುವ ಮೊಟ್ಟೆಗಳು ಎಷ್ಟೋ ಮನೆಗಳಲ್ಲಿ ನೇರವಾಗಿ ಸಂತೆ ಸೇರುತ್ತವೆ. ಮನೆಯ ಬಸುರಿಗೂ ಎಳೆಯ ಮಗುವಿಗೂ ದಕ್ಕುವುದಿಲ್ಲ. ಮೊಟ್ಟೆ ತಿನ್ನುವ ರೂಢಿಯುಳ್ಳ ದಂಪತಿಗಳು ಹೊಸದಾಗಿ ಕೋಳಿ ಸಾಕಲು ತೊಡಗುವುದಾದರೆ, ಹಣದ ಲೆಕ್ಕಕ್ಕಿಂತ ಮೊದಲು ಈ ವಿಷಯವನ್ನು ಇಬ್ಬರೂ ಕುಳಿತು ಯೋಚಿಸುವುದು ಒಳ್ಳೆಯದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ; ಜೊತೆಗೆ ‘ಎ’ ಜೀವಸತ್ವವೂ ಇದೆ.

ಎಷ್ಟು ಕೋಳಿ, ಯಾವ ತಳಿ?

ನಾಟಿ ಹೇಂಟೆ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜ ತಳಿಯು, ಹಿತ್ತಿಲಲ್ಲಿ ಮೇಯ್ದುಕೊಂಡೇ 130ರಿಂದ 150 ಮೊಟ್ಟೆ ಕೊಡಬಲ್ಲುದು. ಆದರೆ ಇದಕ್ಕೆ ಕಾವಿಗೆ ಕೂರುವ ಗುಣ ಕಡಿಮೆ. ಆದುದರಿಂದ ಒಂದೆರಡು ನಾಟಿ ಹೇಂಟೆಗಳೂ ಜೊತೆಗಿರಲಿ.

ಮೊದಲ ಸಲಕ್ಕೆ 15 ಮರಿಗಳು ಸಾಕು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳಾಗಬಹುದು, ಒಂದೆರಡು ಸಾಯಲೂಬಹುದು. ಕೊನೆಗೆ ಆರು ಹೇಂಟೆಗಳು ಉಳಿದರೂ ವರ್ಷಕ್ಕೆ 780 ಮೊಟ್ಟೆ, ಎಂದರೆ ದಿನಕ್ಕೆ ಸರಾಸರಿ ಎರಡು. ಒಂದು ತಾಯಿಗೆ, ಒಂದು ಮಗುವಿಗೆ. ಇದಕ್ಕೆ ಮಿಕ್ಕಿದ್ದನ್ನು ಮಾರಿರಿ.

ಮರಿಗಳ ಆರೈಕೆ

ಮೊದಲ ನಾಲ್ಕು ವಾರ ಮರಿಗಳಿಗೆ ಶಾಖ ಬೇಕು. ದೀಪದ ಕೆಳಗೆ ಮರಿಗಳು ಒಂದರ ಮೇಲೊಂದು ಗುಂಪುಗೂಡಿದರೆ ಚಳಿಯಾಗಿದೆ ಎಂದೂ, ದೀಪದಿಂದ ದೂರ ಸರಿದು ಬಾಯಿ ತೆರೆದರೆ ಸೆಕೆಯಾಗಿದೆ ಎಂದೂ ತಿಳಿಯಿರಿ. ಅನಂತರ ನುಚ್ಚು, ರಾಗಿ, ಸೊಪ್ಪು, ಗೆದ್ದಲು ಇವುಗಳಿಂದ ಮೇವಿನ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ. ಐದಾರು ತಿಂಗಳಿಗೆ ಮೊಟ್ಟೆ ಆರಂಭವಾಗುವುದು.

ಕೊಕ್ಕರೆ ರೋಗ ಹೊಕ್ಕರೆ ಹಟ್ಟಿಯ ಕೋಳಿಗಳೆಲ್ಲ ಕೆಲವೇ ದಿನಗಳಲ್ಲಿ ಸಾಯಬಹುದು. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬರುವ ಮೊದಲು ಲಸಿಕೆಯುಂಟು. 5ರಿಂದ 7ನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ, ಸುಮಾರು 8ನೆಯ ವಾರದಲ್ಲಿ ಚುಚ್ಚುಮದ್ದು. ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿರಿ.

ಗೂಡು ಮನೆಯ ಹೊರಗಿರಲಿ

ಮುಂಗುಸಿ, ಬೆಕ್ಕುಗಳ ಭಯದಿಂದ ರಾತ್ರಿ ಕೋಳಿಗಳನ್ನು ಮಲಗುವ ಕೋಣೆಯಲ್ಲೇ ಮಂಕರಿಯಡಿ ಮುಚ್ಚಿಡುವುದುಂಟು. ಇದು ಸರಿಯಲ್ಲ. ಕೋಳಿಯ ಹಿಕ್ಕೆಯಲ್ಲಿ ಭೇದಿ ತರುವ ಸೂಕ್ಷ್ಮಜೀವಿಗಳಿರುತ್ತವೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಮೊಟ್ಟೆಯಿಂದ ಗಳಿಸಿದ ಪುಷ್ಟಿಯನ್ನು ಭೇದಿಯಿಂದ ಕಳೆದುಕೊಂಡರೆ ಏನು ಫಲ? ಆದುದರಿಂದ ಬಾವಿಯಿಂದ ದೂರದಲ್ಲಿ, ನೆಲದಿಂದ ಎರಡು ಅಡಿ ಎತ್ತರಕ್ಕೆ, ಗಾಳಿಯಾಡುವ ಭದ್ರವಾದ ಗೂಡು ಕಟ್ಟಿರಿ. ಒಂದು ಕೋಳಿಗೆ ಎರಡು ಚದರ ಅಡಿ ಜಾಗ ಬೇಕು. ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಅವನ್ನು ಬೇಯಿಸಬೇಡಿರಿ, ಮಾರಬೇಡಿರಿ, ಕೆರೆ ಕಾಲುವೆಗೆ ಎಸೆಯಬೇಡಿರಿ, ಪಶುವೈದ್ಯರಿಗೆ ತಿಳಿಸಿರಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯೊಳಗೇ ಹಕ್ಕಿ ಜ್ವರ ಕಾಣಿಸಿಕೊಂಡಿತು. ಅಂಥ ಕಡೆಗೇ ಬಂದ ರೋಗ ನಮ್ಮ ಹಿತ್ತಿಲಿಗೆ ಬಾರದೆಂದು ನಂಬುವಂತಿಲ್ಲ. ಸತ್ತ ಕೋಳಿ ಮುಟ್ಟಿದವರಿಗೆ ಜ್ವರ, ಕೆಮ್ಮು ಬಂದರೆ ವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ಹೇಳಬೇಕು.

ತಾಯಿಗೆ, ಮಗುವಿಗೆ

ಮೊಟ್ಟೆ ಉಷ್ಣವೆಂದು ಬಸುರಿಗೆ ಕೊಡದಿರುವ ವಾಡಿಕೆಗೆ ಆಧಾರವಿಲ್ಲ. ಚೆನ್ನಾಗಿ ಬೇಯಿಸಿ ಕೊಡಿರಿ. ಹಸಿ ಮೊಟ್ಟೆ ಬೇಡ. ಆದರೆ ಮೊಟ್ಟೆಯಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಸ್ವಲ್ಪವೇ. ಆದ್ದರಿಂದ ರಕ್ತಹೀನತೆ ತಡೆಯಲು ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ನಿಲ್ಲಿಸಬಾರದು. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ, ಎದೆಹಾಲಿನೊಂದಿಗೆ, ಬೆಂದ ಮೊಟ್ಟೆಯನ್ನು ನುಣ್ಣಗೆ ಹಿಸುಕಿ ಮೊದಲು ಸ್ವಲ್ಪವೇ ತಿನ್ನಿಸಿ, ಒಗ್ಗಿದಂತೆ ಹೆಚ್ಚಿಸಿರಿ. ಮೈಮೇಲೆ ದದ್ದು ಎದ್ದರೆ ಅಥವಾ ವಾಂತಿಯಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ.

ಕೋಳಿಯ ಆರೈಕೆ ಸಾಮಾನ್ಯವಾಗಿ ಗೃಹಿಣಿಯ ಪಾಲಿಗೇ ಬರುತ್ತದೆ. ಗೂಡು ಕಟ್ಟುವುದು, ಲಸಿಕೆ ಹಾಕಿಸುವುದು ಗಂಡನ ಹೊಣೆಯಾಗಲಿ. ಮಾರಿದ ಹಣ ಅವಳ ಕೈಯಲ್ಲಿರಲಿ; ಮಾರುವ ಮೊದಲು ಅವಳ ಪಾಲಿನ ಮೊಟ್ಟೆ ಅವಳ ತಟ್ಟೆಯಲ್ಲಿರಲಿ.