ನೆತ್ತಿ ಹತ್ತದ ಅಂಬಲಿ

ಪಂಚನಹಳ್ಳಿ ಕಡೆ ಮುದ್ದೆಯನ್ನು ಅಗಿಯುವವರಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗುವುದೇ. ಆ ನುಂಗುವುದನ್ನೂ ಮರಳಿ ಅಕ್ಷರಾಭ್ಯಾಸದ ಹಾಗೆ ಕಲಿಯಬೇಕಾಗುತ್ತದೆಂದರೆ ಊರು ನಕ್ಕೀತು.

ಹೀಗೊಂದು ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ತೆಂಗಿನ ತೋಟದ ಮನೆ. ಒಳಗೆ ಸಿಗ್ನಲ್ ಸಿಗದು, ಅದಕ್ಕೇ ಜಗಲಿಯಲ್ಲಿ ಹಿತ್ತಾಳೆ ಚೊಂಬಿಗೆ ಒರಗಿಸಿಟ್ಟ ಮೊಬೈಲು. ಎದುರಿಗೆ ಗಂಟಲಿನ ಆಪರೇಷನ್ ಮುಗಿಸಿ ಬಂದ ಯಜಮಾನ. ಧ್ವನಿಪೆಟ್ಟಿಗೆಯ ಒಂದು ಪಾಲು ಹೋಗಿದೆ. ಪರದೆಯಲ್ಲಿ ಮೈಸೂರಿನ ಥೆರಪಿಸ್ಟ್ ಹುಡುಗಿ.

‘ನೀರು ಬೇಡ, ಅಂಬಲಿ ತೋರ್‍ಸಿ.’

ಹೆಂಡತಿ ಚಮಚ ವಾರೆ ಮಾಡುತ್ತಾಳೆ. ಅಂಬಲಿ ಧಾರೆಯಾಗಿ ಸುರಿಯದೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ಇವನಿಗೆ ಅಷ್ಟು ಗಟ್ಟಿ ಬೇಕು. ನೀರಾದರೆ ಸರಕ್ಕನೆ ಶ್ವಾಸನಾಳಕ್ಕೆ ಜಾರೀತು. ಅಂಬಲಿ ನಿಧಾನಿ, ಗಂಟಲು ಬಾಗಿಲು ಹಾಕಿಕೊಳ್ಳುವವರೆಗೂ ಕಾಯುತ್ತದೆ.

‘ಉಸಿರು ಬಿಗಿ ಹಿಡೀರಿ. ನುಂಗಿ. ಉಸಿರೆಳೀದೆ ಕೆಮ್ಮಿ. ಇನ್ನೊಂದ್ಸಲ ನುಂಗಿ.’

ಪರದೆಯಿಂದ ಕೈ ಚಾಚಲಾದೀತೆ? ಹೆಂಡತಿಯೇ ಎರಡು ಬೆರಳನ್ನು ಅವನ ಗಂಟಲ ಗಂಟಿನ ಮೇಲೆ ಮೆತ್ತಗೆ ಇಟ್ಟಿದ್ದಾಳೆ. ಗಂಟು ಮೇಲೆದ್ದಾಗ ‘ಎದ್ದಿತು ಮೇಡಂ’ ಎಂದು ಕೂಗುತ್ತಾಳೆ. ಕೆಮ್ಮು ಬಂದರೆ ನೆತ್ತಿ ತಟ್ಟಿ ‘ಯಾರೋ ನೆನೆಸ್ಕೊಂಡ್ರು’ ಎಂದುಬಿಡುವ ಹಾಗಿಲ್ಲ, ಎಷ್ಟನೇ ಚಮಚಕ್ಕೆ ಬಂತೆಂದು ಬರೆದಿಡಬೇಕು. ಆಮೇಲೆ ದನಿಯ ಸರದಿ. ‘ಆ...’ ಎಂದು ಎಳೆದ ಸ್ವರ ಒದ್ದೆಯಾಗಿ ಗೊರಗೊರ ಎಂದರೆ ಅಂಬಲಿ ಇನ್ನೂ ಗಂಟಲಲ್ಲೇ ಕೂತಿರಬಹುದು.

1960ರ ದಶಕದಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರದವರಿಗೆ ಪರದೆಯ ಮೂಲಕವೂ ಥೆರಪಿ ಕೊಡುತ್ತದೆ. ಇಲ್ಲವೆಂದರೆ ಅರಸೀಕೆರೆಗೆ ಬಸ್ಸು, ಅಲ್ಲಿಂದ ರೈಲು. ಅರ್ಧ ಗಂಟೆಯ ಪಾಠಕ್ಕೆ ಇಡೀ ದಿನ. ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರ ಕಥೆ ಬೇರೆ. ಅವರಿಗೆಂದು ಬೆಂಗಳೂರಿನ ಡಾ. ವಿಶಾಲ್ ರಾವ್ ರೂಪಿಸಿದ, ಮಾತಾಡಲು ನೆರವಾಗುವ ‘ಓಂ’ ಸಾಧನ 50 ರೂಪಾಯಿ ಆಸುಪಾಸಿನ ಬೆಲೆಯಿಂದಲೇ ಸುದ್ದಿಯಾಗಿತ್ತು. ಸಾಧನ ಕೂರಿಸಿದ ಮೇಲೂ ಮಾತು ಕಲಿಯುವುದಂತೂ ತಪ್ಪದು.

ಆದರೆ ಫೋನಿಗೆ ಎಲ್ಲವೂ ಕಾಣುವುದಿಲ್ಲ. ಕೆಮ್ಮೇ ಬಾರದೆ, ಸದ್ದಿಲ್ಲದೆ ತುತ್ತು ಶ್ವಾಸಕೋಶಕ್ಕೆ ಇಳಿಯುವುದುಂಟು. ಅದನ್ನು ಹಿಡಿಯಲು ಎಕ್ಸ್‌ರೇ ವಿಡಿಯೋ, ಇಲ್ಲವೇ ಮೂಗಿನಿಂದ ಇಳಿಸುವ ಕ್ಯಾಮೆರಾವೇ ಬೇಕು. ಆಸ್ಪತ್ರೆ ಬಿಡುವ ಮುನ್ನ ಎರಡು ಮಾತು ಕೇಳಿಕೊಂಡೇ ಹೊರಡಿ: ನುಂಗುವ ಪರೀಕ್ಷೆ ಆಯಿತೇ? ಊರಿಗೆ ಹೋದ ಮೇಲೆ ಫೋನಿನಲ್ಲಿ ಯಾರು ಸಿಗುತ್ತಾರೆ?