ಕೆರೆಯಂಚಿನ ಬೇಸಾಯದ ನಿಯಂತ್ರಣ

ಕೆರೆಯಂಚಿನ ಬೇಸಾಯದ ನಿಯಂತ್ರಣವೆಂದರೆ ನೀರಿನ ಗುಣಮಟ್ಟವನ್ನೂ ಜಲಚರ ಮತ್ತು ಪಕ್ಷಿಗಳ ನೆಲೆಯನ್ನೂ ಉಳಿಸಲು ಕೆರೆಯಂಗಳ ಹಾಗೂ ದಡದ ಕೃಷಿಗೆ ವಿಧಿಸುವ ಕಟ್ಟುಪಾಡು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಅಂಗಳವು ಫಲವತ್ತಾದುದರಿಂದ ಅಲ್ಲಿ ಉತ್ತು ಬಿತ್ತುವ ರೂಢಿ ಹಳೆಯದು. ಆದರೆ ಉತ್ತ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋಗಿ ಹೂಳಾಗುತ್ತದೆ. ಗೊಬ್ಬರದ ಸಾರಜನಕ, ರಂಜಕಗಳು ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತವೆ. ಅವು ಕೊಳೆಯುವಾಗ ನೀರಿನಲ್ಲಿ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಬರಿನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭದ ಗೂಡು ನೇಗಿಲಿಗೆ ಸಿಕ್ಕುವುದೂ ಉಂಟು.

ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2014 ಕೆರೆಯ ಒತ್ತುವರಿಯನ್ನು ನಿಷೇಧಿಸುತ್ತದೆ. ಆದರೆ ಗೊಬ್ಬರವು ಕೆರೆಯ ಗಡಿಯಾಚೆಯ ಹೊಲಗಳಿಂದಲೂ ಹರಿದುಬರುತ್ತದೆ. ಗಡಿಕಲ್ಲು ಅದನ್ನು ತಡೆಯದು. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶಗಳ ನಿಯಮಗಳು ಅಧಿಸೂಚಿತ ತಾಣಗಳ ಸುತ್ತ ‘ಪ್ರಭಾವ ವಲಯ’ವನ್ನು ಗುರುತಿಸಿ, ಅಲ್ಲಿನ ಚಟುವಟಿಕೆಗಳನ್ನೂ ನಿಯಂತ್ರಿಸಲು ಅವಕಾಶ ನೀಡುತ್ತವೆ.

ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಬೇಸಾಯವನ್ನೇ ನಿಲ್ಲಿಸಿದರೆ ಅವುಗಳಿಗೆ ಮೇವಿಲ್ಲ. ಕೀಟನಾಶಕ ಮಿತಿಮೀರಿದರೆ ಮೇವೇ ವಿಷವಾಗುತ್ತದೆ. ಆದ್ದರಿಂದ ಇಂತಹ ತಾಣಗಳಿಗೆ ಪೂರ್ಣ ನಿಷೇಧಕ್ಕಿಂತ ದಡದಲ್ಲಿ ಹುಲ್ಲಿನ ಪಟ್ಟಿ ಬಿಡುವುದು, ರಾಸಾಯನಿಕಗಳನ್ನು ಮಿತಗೊಳಿಸುವುದು ಹೆಚ್ಚು ಹೊಂದುತ್ತದೆ. ಹಾಗೆ ಬಿಟ್ಟ ನೆಲದ ನಷ್ಟ ಮಾತ್ರ ದಡದ ರೈತನ ಪಾಲಿಗೇ ಬರುತ್ತದೆ.