ಹದಿನೈದು ನಿಮಿಷದ ಟೆಸ್ಟು ಮತ್ತು ವಾರ್ಡಿನ ಬಾಗಿಲು



ಮುಂಬೈಯಲ್ಲಿ ನಮ್ಮ ಕನ್ನಡ ಕಾರ್ಯಕ್ರಮ ಕೇಳುವ ನಿಮ್ಮಲ್ಲಿ ಆಸ್ಪತ್ರೆಯಲ್ಲಿ ದುಡಿಯುವವರೂ ಇದ್ದೀರಿ. ನೀವಲ್ಲದಿದ್ದರೆ ನಿಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಸಿಸ್ಟರೋ, ವಾರ್ಡ್ ಬಾಯೋ, ಲ್ಯಾಬಿನವರೋ ಇದ್ದೇ ಇರುತ್ತಾರೆ. ಕೊರೋನಾ ಕಾಲದಲ್ಲಿ ಅವರ ಮೂಗಿಗೆ ಎಷ್ಟು ಸಲ ಕಡ್ಡಿ ಹಾಕಿದರೋ ಲೆಕ್ಕವಿಲ್ಲ. ಆ ಪರೀಕ್ಷೆ ನಿಜಕ್ಕೂ ಏನನ್ನು ಹೇಳುತ್ತಿತ್ತು?

2020ರ ಏಪ್ರಿಲ್ ಮೊದಲ ವಾರ ನೆನಪಿಸಿಕೊಳ್ಳಿ. ಮುಂಬೈ ಸೆಂಟ್ರಲ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ 26 ನರ್ಸ್‌ಗಳಿಗೂ 3 ವೈದ್ಯರಿಗೂ ಸೋಂಕು ತಗುಲಿದೆಯೆಂದು ಸುದ್ದಿ ಬಂತು. ಮಹಾನಗರ ಪಾಲಿಕೆ ಆಸ್ಪತ್ರೆಯನ್ನೇ ಸೀಲ್ ಮಾಡಿತು. ಈ ವೈರಸ್ಸಿನ ಕಷ್ಟವೇ ಅದು: ಜ್ವರ, ಕೆಮ್ಮು ಕಾಣುವ ಒಂದೆರಡು ದಿನ ಮೊದಲೇ ಮನುಷ್ಯ ಅದನ್ನು ಹಂಚಲು ಶುರುಮಾಡಿರುತ್ತಾನೆ. ಜ್ವರ ಬಂದವರನ್ನಷ್ಟೇ ಹುಡುಕಿದರೆ ಅಷ್ಟರಲ್ಲಿ ಎರಡು ಪಾಳಿ ಮುಗಿದಿರುತ್ತದೆ, ಊಟದ ಕೋಣೆಯಲ್ಲಿ ಎಲ್ಲರೂ ಮಾಸ್ಕ್ ತೆಗೆದು ಕೂತೂ ಆಗಿರುತ್ತದೆ.

ಬೇಗ ಗೊತ್ತಾಗುವ ಪರೀಕ್ಷೆ ಬೇಕಿತ್ತು. ಮೊದಲು ಬಂದದ್ದು ತಪ್ಪು ಪರೀಕ್ಷೆ. ಐಸಿಎಂಆರ್ ಚೀನಾದ ಎರಡು ಕಂಪನಿಗಳಿಂದ ತರಿಸಿದ ಕಿಟ್‌ಗಳು ಆ ಏಪ್ರಿಲ್ ಮಧ್ಯದಲ್ಲಿ ಬಂದವು. ಅವು ಬೆರಳಿನ ರಕ್ತದಲ್ಲಿ ಪ್ರತಿಕಾಯ ಹುಡುಕುವಂಥವು. ರಾಜಸ್ಥಾನದಲ್ಲಿ ಬಳಸಿ ನೋಡಿದಾಗ ನಿಖರತೆ ಬರೀ 5.4 ಶೇಕಡಾ. ಏಪ್ರಿಲ್ 27ಕ್ಕೆ ಎಲ್ಲ ರಾಜ್ಯಗಳೂ ವಾಪಸ್ ಕೊಡಬೇಕೆಂದು ಆದೇಶವಾಯಿತು. ಬೈಗುಳವೆಲ್ಲ ಕಿಟ್‌ಗೇ ಬಿತ್ತು, ಆದರೆ ಕಿಟ್ ಚೆನ್ನಾಗಿದ್ದರೂ ಈ ಕೆಲಸಕ್ಕೆ ಅದು ಸಲ್ಲುತ್ತಿರಲಿಲ್ಲ. ಪ್ರತಿಕಾಯ ಎಂದರೆ ವೈರಸ್ಸನ್ನು ಎದುರಿಸಲು ನಮ್ಮ ದೇಹ ತಯಾರಿಸುವ ವಸ್ತು. ಅದು ಕಾಣಿಸಿಕೊಳ್ಳಲು ವಾರ, ಎರಡು ವಾರ ಬೇಕು. ಕಳ್ಳ ಮನೆ ಖಾಲಿ ಮಾಡಿ ಹೋದ ಮೇಲೆ ಬರೆಸುವ ಪೊಲೀಸ್ ಕಂಪ್ಲೇಂಟಿನ ಹಾಗೆ.

ಜೂನ್ 14ರಂದು ಒಪ್ಪಿಗೆ ಸಿಕ್ಕಿದ್ದು ಬೇರೆ ಜಾತಿಯದು, ರ‍್ಯಾಪಿಡ್ ಆ್ಯಂಟಿಜೆನ್ ಟೆಸ್ಟ್. ಇದು ದೇಹದ ಉತ್ತರಕ್ಕೆ ಕಾಯದೆ ವೈರಸ್ಸಿನ ಒಳಗಿರುವ ಪ್ರೋಟೀನನ್ನೇ ಹುಡುಕುತ್ತದೆ. ಮೂಗಿನ ಆಳದಿಂದ ತೆಗೆದ ಮಾದರಿಯನ್ನು ದ್ರಾವಣದಲ್ಲಿ ಕದಡಿ ಪಟ್ಟಿಯ ಮೇಲೆ ಕೆಲವು ಹನಿ ಹಾಕಿದರೆ, ಅದು ಕಾಗದದುದ್ದಕ್ಕೂ ಹರಿಯುತ್ತದೆ. ವೈರಸ್ಸಿನ ಪ್ರೋಟೀನ್ ಇದ್ದರೆ 'ಟಿ' ಎಂಬಲ್ಲಿ ಬಣ್ಣದ ಗೆರೆ ಮೂಡುತ್ತದೆ. ಗರ್ಭ ಪರೀಕ್ಷೆಯ ಪಟ್ಟಿ ನೋಡಿದವರಿಗೆ ಇದು ಹೊಸದೇನಲ್ಲ. 'ಸಿ' ಗೆರೆ ಬರದಿದ್ದರೆ ಪರೀಕ್ಷೆಯೇ ಕೆಟ್ಟಿತೆಂದು ತಿಳಿಯಬೇಕು.

ಈಗ ಲೆಕ್ಕಕ್ಕೆ ಬನ್ನಿ. ಐಸಿಎಂಆರ್ ಮತ್ತು ಏಮ್ಸ್ ಪರಿಶೀಲನೆಯಲ್ಲಿ ಈ ಟೆಸ್ಟು ಸೋಂಕಿತರಲ್ಲಿ 50.6ರಿಂದ 84 ಶೇಕಡಾ ಜನರನ್ನಷ್ಟೇ ಹಿಡಿಯಿತು. ಸೋಂಕಿಲ್ಲದವರಿಗೆ 'ಇಲ್ಲ' ಎಂದು ಸರಿಯಾಗಿ ಹೇಳಿದ್ದು 99.3ರಿಂದ 100 ಶೇಕಡಾ. ನಿಮ್ಮ ಆಸ್ಪತ್ರೆಯಲ್ಲಿ 1000 ಸಿಬ್ಬಂದಿ, ಅವರಲ್ಲಿ 20 ಜನಕ್ಕೆ ಸೋಂಕು ಎಂದುಕೊಳ್ಳಿ. ಸಿಕ್ಕಿಬೀಳುವವರು ಹತ್ತರಿಂದ ಹದಿನೇಳು. ಮೂವರಿಂದ ಹತ್ತು ಜನ ಕೈಯಲ್ಲಿ 'ನೆಗೆಟಿವ್' ಹಿಡಿದು ನೇರ ವಾರ್ಡಿಗೆ ನಡೆಯುತ್ತಾರೆ. ತಪ್ಪಾಗಿ ಪಾಸಿಟಿವ್ ಎನಿಸಿಕೊಳ್ಳುವವರು ಹೆಚ್ಚೆಂದರೆ ಏಳು. ಅದಕ್ಕೇ ಐಸಿಎಂಆರ್ ಹೇಳಿದ್ದು: ಪಾಸಿಟಿವ್ ಬಂದರೆ ನಂಬಿ, ಲಕ್ಷಣವಿದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ.

ಹಾಗಾದರೆ ಎಲ್ಲರಿಗೂ ಪಿಸಿಆರ್ ಮಾಡಿಸಬಾರದಿತ್ತೇ? ಅದರ ಕಣ್ಣು ಚುರುಕು ನಿಜ. ಆದರೆ ರಿಪೋರ್ಟ್ ಬರಲು ಒಂದೆರಡು ದಿನ, ನೂಕುನುಗ್ಗಲಿನಲ್ಲಿ ಇನ್ನೂ ಹೆಚ್ಚು. ಅಲ್ಲಿಯವರೆಗೆ ಸಿಸ್ಟರ್ ಡ್ಯೂಟಿ ಮಾಡಬೇಕೋ, ಮನೆಯಲ್ಲಿರಬೇಕೋ? ಅಲ್ಲದೆ ಗುಣವಾಗಿ ವಾರಗಳಾದ ಮೇಲೂ ಪಿಸಿಆರ್ ಪಾಸಿಟಿವ್ ತೋರಿಸುವುದುಂಟು. ಆ್ಯಂಟಿಜೆನ್ ಟೆಸ್ಟು ಮುಖ್ಯವಾಗಿ ಹಿಡಿಯುವುದು ಮೂಗಿನಲ್ಲಿ ವೈರಸ್ ತುಂಬಿರುವವರನ್ನು, ಅಂದರೆ ಇನ್ನೊಬ್ಬರಿಗೆ ಹಂಚಬಲ್ಲವರನ್ನು. ಇಂದು ತಪ್ಪಿಸಿಕೊಂಡವರು ಮೂರು ದಿನ ಬಿಟ್ಟು ಮತ್ತೆ ಮಾಡಿದಾಗ ಸಿಗಬಹುದು. ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ 2020ರ ನವೆಂಬರಿನಿಂದ ರೋಗಿಗಳ ಹತ್ತಿರ ಹೋಗುವ ಸಿಬ್ಬಂದಿ ವಾರಕ್ಕೆರಡು ಸಲ ಮನೆಯಲ್ಲೇ ಇಂಥ ಪರೀಕ್ಷೆ ಮಾಡಿಕೊಳ್ಳುವ ಪದ್ಧತಿ ತಂದದ್ದು ಈ ಲೆಕ್ಕದ ಮೇಲೆಯೇ. ಒಂದೇ ಸಲ ಮಾಡಿ, ಗುರುತಿನ ಚೀಟಿಗೆ ಮುದ್ರೆ ಒತ್ತಿದ ಹಾಗೆ ನೆಗೆಟಿವ್ ಕೊಟ್ಟು ಕಳಿಸಿದರೆ ಅದು ನೆಮ್ಮದಿಗೆ ಹೊರತು ರಕ್ಷಣೆಗಲ್ಲ.

ಇನ್ನೊಂದು ಮಾತು, ಯಾವ ಕಿಟ್ಟಿನ ಚೀಟಿಯಲ್ಲೂ ಬರೆದಿರುವುದಿಲ್ಲ. ಗುತ್ತಿಗೆಯ ಮೇಲಿರುವ ವಾರ್ಡ್ ಬಾಯ್‌ಗೆ ಪಾಸಿಟಿವ್ ಎಂದರೆ ಏಳೆಂಟು ದಿನದ ಸಂಬಳ ಹೋಯಿತು ಎಂದಾದರೆ, ಅವನು ಗಂಟಲು ಕೆರೆತವನ್ನು ಯಾರಿಗೆ ಹೇಳುತ್ತಾನೆ? ಸಂಬಳದ ರಜೆ ಇಲ್ಲದ ಕಡೆ ಎಷ್ಟು ಲಕ್ಷ ಕಿಟ್ ತಂದರೂ ಅರ್ಧ ಕೆಲಸ.

ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗೆ ನಮ್ಮಲ್ಲಿ 2021ರ ಮೇ ತಿಂಗಳಲ್ಲಿ ಮೊದಲ ಒಪ್ಪಿಗೆ ಸಿಕ್ಕಿತು, ಪುಣೆಯ ಮೈಲ್ಯಾಬ್‌ನದು. ನಿಮ್ಮ ಕಪಾಟಿನಲ್ಲಿ ಅಂಥದ್ದೊಂದು ಉಳಿದಿದ್ದರೆ ಮೊದಲು ಅವಧಿ ಮುಗಿದಿದೆಯೇ ನೋಡಿ. ಬಳಸುವಾಗ ಗಡಿಯಾರ ಪಕ್ಕದಲ್ಲಿರಲಿ. ಚೀಟಿಯಲ್ಲಿ ಹೇಳಿದ ಸಮಯದೊಳಗೆ ಮೂಡಿದ ಗೆರೆ ಎಷ್ಟೇ ತೆಳುವಾಗಿರಲಿ ಅದು ಪಾಸಿಟಿವ್. ಆ ಸಮಯ ದಾಟಿದ ಮೇಲೆ ಕಾಣಿಸಿಕೊಂಡ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಕಿಟ್ ತೆಗೆದು ಮತ್ತೆ ಮಾಡಿ.